ಮರಗೆಣಸಿನ ಉದುರೆಲೆಯನ್ನು ಸುಡಬೇಡಿ

ಪ್ರಶ್ನೆ: ನಮ್ಮ ಕಾಫಿ ತೋಟದ ಅಂಚಿನ ಬಯಲಿನಲ್ಲಿ ಏಪ್ರಿಲ್ ಕೊನೆಗೆ ಮರಗೆಣಸು ನೆಟ್ಟಿದ್ದೆವು. ಹುತ್ತರಿ (ನವೆಂಬರ್-ಡಿಸೆಂಬರ್‌ನ ಸುಗ್ಗಿ ಹಬ್ಬ) ಕಳೆದಾಗಿನಿಂದ ಕೆಳಗಿನ ಎಲೆಗಳು ಹಳದಿಯಾಗಿ ಉದುರುತ್ತಿದ್ದು, ಈಗ ತುದಿಯಲ್ಲಷ್ಟೇ ಹಸಿರು ಉಳಿದಿದೆ. ಇದು ರೋಗವೆಂಬ ಭಯದಿಂದ ಬಿದ್ದ ಎಲೆಗಳನ್ನು ಗುಡಿಸಿ ಸುಡುತ್ತಿದ್ದೇವೆ. ಯೂರಿಯಾ ಕೊಡಬೇಕೇ?
– ಓದುಗರೊಬ್ಬರು, ವಿರಾಜಪೇಟೆ ತಾಲ್ಲೂಕು

ಉತ್ತರ: ಎಲೆಗಳು ಕೆಳಗಿನಿಂದ ಮೇಲಕ್ಕೆ ಸರದಿಯಂತೆ ಹಣ್ಣಾಗಿ ಬೀಳುತ್ತಿದ್ದರೆ ಅದು ರೋಗವಲ್ಲ. ಮೊಸಾಯಿಕ್ ರೋಗವಾಗಿದ್ದರೆ ತುದಿಯ ಎಳೆಯ ಎಲೆಗಳೇ ಮುರುಟಿ, ಹಳದಿ ಮಚ್ಚೆಗಳಿಂದ ತುಂಬಿರುತ್ತಿದ್ದವು. ಮರಗೆಣಸಿನ ಎಲೆಯ ಆಯುಷ್ಯ ಸಾಮಾನ್ಯವಾಗಿ ಎರಡರಿಂದ ನಾಲ್ಕು ತಿಂಗಳು. ಮೇಲಿನ ಎಲೆಗಳ ನೆರಳು ದಟ್ಟವಾದಾಗ ಅಥವಾ ಮಳೆ ನಿಂತು ಮಣ್ಣಿನ ತೇವ ಇಳಿದಾಗ ಅದು ಇನ್ನೂ ಬೇಗ ಉದುರುತ್ತದೆ. ಹುತ್ತರಿ ಗೆಣಸಿನ ಬಳ್ಳಿಯಾದರೆ ಗೆಡ್ಡೆ ಬಲಿತೊಡನೆ ಪೂರ್ತಿ ಒಣಗಿಬಿಡುತ್ತದೆ. ಮರಗೆಣಸು ಮಾತ್ರ ತುದಿಯನ್ನು ಜೀವಂತವಾಗಿಟ್ಟುಕೊಂಡು, ನೀರಿನ ಖರ್ಚನ್ನು ತಗ್ಗಿಸಲು ಹಳೆಯ ಎಲೆಗಳನ್ನು ಕಳಚುತ್ತದೆ.

ಕಳಚುವ ಮೊದಲು ಗಿಡವು ಎಲೆಯಲ್ಲಿರುವ ಸಾರಜನಕ, ರಂಜಕ ಮತ್ತು ಪೊಟ್ಯಾಷಿಯಂನ ಒಂದು ಪಾಲನ್ನು ಹಿಂದಕ್ಕೆ ಎಳೆದುಕೊಂಡು ಕಾಂಡಕ್ಕೂ ಗೆಡ್ಡೆಗೂ ಎಳೆಯ ಎಲೆಗೂ ಸಾಗಿಸುತ್ತದೆ. ನೀವು ಕಂಡ ಹಳದಿ ಬಣ್ಣ ಆ ಕೆಲಸದ ಗುರುತು. ಗಿಡದೊಳಗೆ ಚಲಿಸಲಾರದ ಕ್ಯಾಲ್ಸಿಯಂ, ಹಿಂದಕ್ಕೆ ಹೋಗದೆ ಉಳಿದ ಸಾರಜನಕ ಮತ್ತು ಮೆಗ್ನೀಷಿಯಂ ಎಲೆಯೊಂದಿಗೆ ನೆಲಕ್ಕೆ ಬಿದ್ದು, ಕೊಳೆತು, ಮತ್ತೆ ಬೇರಿಗೆ ಸಿಗುತ್ತವೆ. ಕಾಫಿ ಗಿಡದ ಬುಡದ ದರಗನ್ನು ಜೋಪಾನ ಮಾಡುವ ನೀವು ಇದನ್ನು ಸುಡುತ್ತಿರುವುದು ನನಗೆ ನಿಜಕ್ಕೂ ಬೇಸರ ತಂದಿತು. ಸುಟ್ಟಾಗ ಸಾರಜನಕದ ಬಹುಪಾಲು ಹೊಗೆಯಾಗಿ ಹೋಗುತ್ತದೆ. ಒಂದೇ ಕಡೆ ಉಳಿದ ಬೂದಿಯ ಪೊಟ್ಯಾಷಿಯಂ ಮೊದಲ ಮಳೆಗೇ ಕೊಚ್ಚಿಹೋಗುತ್ತದೆ. ಎಲೆಗಳನ್ನು ಬಿದ್ದಲ್ಲೇ ಬಿಡಿ.

ಆದರೆ ಉದುರೆಲೆಯೊಂದೇ ಮಣ್ಣಿನ ಸಾಲ ತೀರಿಸದು. ಒಂದು ಟನ್ ಹಸಿ ಗೆಡ್ಡೆಯನ್ನು ಕಿತ್ತು ಮಾರಿದರೆ ಅದರೊಂದಿಗೆ ಸುಮಾರು 3 ಕೆ.ಜಿ. ಪೊಟ್ಯಾಷಿಯಂ ಹೊಲ ಬಿಟ್ಟು ಹೋಗುತ್ತದೆ, ಮತ್ತು ನಮ್ಮ ಹುಳಿ ಮಣ್ಣಿನಲ್ಲಿ ಉಳಿದದ್ದನ್ನು ಮುಂಗಾರು ತೊಳೆಯುತ್ತದೆ. ಈಗ ಯೂರಿಯಾ ಬೇಡ; ತೇವವಿಲ್ಲದ ನೆಲದಲ್ಲಿ ಅದರಿಂದ ಗೆಡ್ಡೆಗೆ ಲಾಭವಿಲ್ಲ. ಮುಂದಿನ ಬೆಳೆಗೆ ಕೊಟ್ಟಿಗೆ ಗೊಬ್ಬರದ ಜೊತೆ ಹೆಕ್ಟೇರಿಗೆ ಸಾರಜನಕ 100, ರಂಜಕ 50, ಪೊಟ್ಯಾಷ್ 100 ಕೆ.ಜಿ. ಸಾಮಾನ್ಯ ಶಿಫಾರಸು. ಮಣ್ಣು ಪರೀಕ್ಷೆ ಮಾಡಿಸಿ ಇದನ್ನು ಹೊಂದಿಸಿಕೊಳ್ಳಿ. ಸಾರಜನಕ ಮತ್ತು ಪೊಟ್ಯಾಷನ್ನು ಅರ್ಧ ನಾಟಿಗೆ, ಇನ್ನರ್ಧ ಒಂದೂವರೆ-ಎರಡು ತಿಂಗಳಿಗೆ, ಮಳೆ ಬಿಡುವು ಕೊಟ್ಟ ದಿನ ನೋಡಿ ಹಾಕಿ. ಒಲೆಯ ಬೂದಿಯೂ ಒಳ್ಳೆಯದೇ, ಆದರೆ ಯೂರಿಯಾದೊಂದಿಗೆ ಬೆರೆಸಬೇಡಿ.

ಗೆಡ್ಡೆ ಕಿತ್ತಾಗ ನಾಟಿಗೆ ಬೇಕಾದ ಕಾಂಡಗಳನ್ನು ನೆರಳಿನಲ್ಲಿ ನಿಲ್ಲಿಸಿಟ್ಟು, ಉಳಿದ ತುದಿ, ಎಲೆಗಳನ್ನು ಅಲ್ಲೇ ಕೊಚ್ಚಿ ಹರಡಿ. ಹಸಿ ಎಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿರುವುದರಿಂದ ದನ, ಮೇಕೆಗಳು ಆ ಕಡೆ ಹೋಗದಂತೆ ನೋಡಿಕೊಳ್ಳಿ.