‘ಮಂದಿ ಹಾಡೇ ಹಾಡ್ಕೋತ ಸಾಯೂದೇನ್ರಿ ಮೇಡಂ?’

(ಗುರುತು ಸಿಗದಂತೆ ವಯಸ್ಸು, ವಾದ್ಯದಂಥ ವಿವರಗಳನ್ನು ಬದಲಿಸಿದೆ.)

ಕಲಬುರಗಿಯ ಆರ್ಕೆಸ್ಟ್ರಾ ತಂಡವೊಂದರ ಗಾಯಕ, ಮೂವತ್ತರ ಆಸುಪಾಸು. ನಿದ್ದೆ ಬರುತ್ತಿಲ್ಲವೆಂದು ಆಪ್ತಸಮಾಲೋಚಕಿಯಾದ ನನ್ನ ಬಳಿ ಬಂದಿದ್ದರು. ಕಾರ್ಯಕ್ರಮ ಮುಗಿಸಿ ಅಪರಾತ್ರಿ ಮನೆ ಸೇರಿದ ಮೇಲೂ, ತಾವೇ ಬರೆದ ಹಾಡನ್ನು ಯೂಟ್ಯೂಬಿನಲ್ಲಿ ಎಷ್ಟು ಮಂದಿ ನೋಡಿದರೆಂದು ಮೊಬೈಲ್ ಹಿಡಿದು ಕೂರುತ್ತಾರೆ. ಮದುವೆ ಸೀಸನ್ನಿನಲ್ಲಿ ತಂಡಕ್ಕೆ ಬಿಡುವಿಲ್ಲ. ಹಳೆಯ ಕನ್ನಡ ಸಿನಿಮಾ ಹಾಡು, ಹಿಂದಿ, ನಡುವೆ ಒಂದೆರಡು ತೆಲುಗು, ಮರಾಠಿ. ಅವಕ್ಕೆ ಸೀಟಿ ಬಿದ್ದಷ್ಟೂ ಇವರ ಮನಸ್ಸು ಕುಗ್ಗುತ್ತದೆ.

ಎರಡನೇ ಭೇಟಿಯಲ್ಲಿ ಪಾಕೀಟಿನಿಂದ ಚೀಟಿಯೊಂದನ್ನು ತೆಗೆದರು. ಲಗ್ನಪತ್ರಿಕೆಯ ಅಂಚು ಹರಿದು ಯಾರೋ ಬರೆದು ಕಳಿಸಿದ ಫರ್ಮಾಯಿಶಿ: ‘ನಿಮ್ದು ಸಾಕು, ಕುಣಿಯೂ ಹಾಡು ಹಾಡ್ರಿ.’ ಮಡಿಕೆ ಸವೆದು ಹರಿಯುವಂತಾಗಿತ್ತು.

“ಯಾವ ಹೊತ್ತಿಗೆ ಹಾಡಿದ್ರಿ?”

“ಊಟ ಆದ ಮ್ಯಾಲ್ರಿ. ಹುಡುಗ್ರೆಲ್ಲ ಸ್ಟೇಜ್ ಮುಂದ ಕುಣಿಲಾಕತ್ತಿದ್ರು.”

ಹಾಡು ತತ್ವಪದದ ಧಾಟಿಯದು, ವಿಳಂಬ ಲಯದ್ದು. ಚೀಟಿ ಬರೆದವರಿಗೆ ಕುಣಿಯಬೇಕಿತ್ತು, ಅಷ್ಟೇ. ಅದನ್ನು ತೀರ್ಪೆಂದು ಜೇಬಿನಲ್ಲಿ ಇಟ್ಟುಕೊಂಡವರು ಇವರು. ಮಂದಿಯ ಹಾಡಿನ ಬಗ್ಗೆಯೂ ಕೇಳಿದೆ: ನಿಮ್ಮ ಅಜ್ಜ ಭಜನಾ ಮೇಳದಲ್ಲಿ ಯಾರ ಪದ ಹಾಡುತ್ತಿದ್ದರು? ತತ್ವಪದಕಾರ ಕಡಕೋಳ ಮಡಿವಾಳಪ್ಪನದು ಅಂದರು. ಅಜ್ಜನಿಗೆ ಅದರಿಂದ ಕೀಳರಿಮೆ ಬಂದಿತ್ತೇ? ನಕ್ಕರು. ಆ ನಗುವನ್ನು ಉತ್ತರವೆಂದೇ ಬರೆದುಕೊಂಡೆ.

ಗಂಟು ಬೇರೆಯೇ ಇತ್ತು. ಆ ಹಾಡಿಗೆ ರಾಗ ಕೂಡಿಸಿದ ಕೀಬೋರ್ಡ್ ಗೆಳೆಯ ಮುನಿಸಿಕೊಂಡು ಇನ್ನೊಂದು ತಂಡ ಸೇರಿದ್ದಾನೆ. ಅದೇ ರಾಗವನ್ನು ಅಲ್ಲಿ ನುಡಿಸುತ್ತಾನೆ. “ಸಾಹಿತ್ಯ ನಂದ್ರಿ, ಹಾಡು ನಂದೇ,” ಎಂದರು ಇವರು. ಇಲ್ಲಿ ನಾನು ಒಪ್ಪಲಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಹಿತ್ಯ ಒಂದು ಕೃತಿ, ಸಂಗೀತ ಇನ್ನೊಂದು. ಬೇರೆ ಒಪ್ಪಂದ ಇಲ್ಲದಿದ್ದರೆ ಪದ ಬರೆದವರಿಗೆ ಪದ, ರಾಗ ಕಟ್ಟಿದವರಿಗೆ ರಾಗ. ನೋಂದಣಿ ಆಗಿರಲೇಬೇಕೆಂದೂ ಇಲ್ಲ. ಯೂಟ್ಯೂಬಿನಲ್ಲಿ ಆ ಗೆಳೆಯನ ಹೆಸರನ್ನು ಇವರು ಹಾಕಿರಲೇ ಇಲ್ಲ! ಮುನಿಸು ಎಲ್ಲಿಂದ ಬಂತೆಂದು ಮತ್ತೆ ಕೇಳಬೇಕಾಗಲಿಲ್ಲ.

ಕೊಟ್ಟ ಸಲಹೆ ಇಷ್ಟು. ಮೊದಲು ಹೆಸರು ಹಾಕಿ, ಆಮೇಲೆ ಫೋನ್ ಮಾಡಿ. ಉಲ್ಟಾ ಮಾಡಿದರೆ ಚೌಕಾಸಿಯಂತೆ ಕೇಳುತ್ತದೆ. ಯಾರು ಏನು ಮಾಡಿದರು, ಬಂದ ದುಡ್ಡು ಹೇಗೆ ಹಂಚಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ತಂಡದ ಎಲ್ಲರೂ ಸಹಿ ಹಾಕಿ. ರಿಸೆಪ್ಷನ್ನಿನಲ್ಲಿ ಸ್ವಂತ ಹಾಡನ್ನು ಮಂದಿ ಇನ್ನೂ ಮುಯ್ಯಿ ಮಾಡಲು ಸಾಲಿನಲ್ಲಿ ನಿಂತಿರುವಾಗ ಹಾಡಿ. ಊಟದ ನಂತರದ ಹೊತ್ತನ್ನು ಕುಣಿಯುವವರಿಗೆ ಬಿಡಿ. ಮನೆ ಬಾಡಿಗೆ ಕಟ್ಟುವುದು ಆ ಹೊತ್ತೇ. ಮಲಗುವ ಕೋಣೆಯಲ್ಲಿ ಮೊಬೈಲ್ ಬೇಡ. ಎರಡು ವಾರ ಕಳೆದರೂ ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣಬೇಕು. ಅಷ್ಟರೊಳಗೆ ರಾತ್ರಿ ತೀರಾ ಕಂಗೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಅದು ಉಚಿತ.

ಹೆಸರು ಹಾಕಿದ್ದಾರೆ. ನಿದ್ದೆ ಸ್ವಲ್ಪ ಹತ್ತುತ್ತಿದೆ. ಮುಂದಿನ ಭೇಟಿಗೆ ಇಬ್ಬರನ್ನೂ ಕರೆದಿದ್ದೇನೆ, ಗೆಳೆಯ ಬರುತ್ತೇನೆಂದು ಇನ್ನೂ ಹೇಳಿಲ್ಲ.