ಹಳೇ ಮಾರುತಿ 800ರ ಫ್ಲೋರ್ ರಿಪೇರಿಗೆ ಗ್ಯಾಸ್‌ಲೆಸ್ ಮಿಗ್ ಸಾಕಾಗುತ್ತಾ?

ಮಿಗ್ ಅಂದರೆ ಗನ್ನಿಂದ ತಾನಾಗೇ ಬರೋ ವೈರ್ ಕರಗಿ ಬೆಸೆಯೋ ವೆಲ್ಡಿಂಗ್. ಬೆಸುಗೆಗೆ ಗಾಳಿ ತಾಗದ ಹಾಗೆ ಸಿಲಿಂಡರಿನ ಗ್ಯಾಸ್ ಕಾಯುತ್ತೆ, ಗ್ಯಾಸ್‌ಲೆಸ್‌ಗೆ ಆ ಸಿಲಿಂಡರ್ ಬೇಡ. ಅಂಟಿಸೋಕೆ ಅದು ಸಾಕಾಗುತ್ತೆ, ಆದರೆ ನೀವು ಹೇಳಿದ ಕೆಲಸಕ್ಕೆ ನಾನಂತೂ ಅದನ್ನು ತಗೊಳ್ಳಿ ಅನ್ನಲ್ಲ. ಕರಾವಳಿಯಲ್ಲೇ ಓಡಾಡಿದ ಗಾಡಿ, ಡ್ರೈವರ್ ಕಾಲಡಿ ಫ್ಲೋರ್ ತುಕ್ಕು ತಿಂದು ರಸ್ತೆ ಕಾಣ್ತಿದೆ, ಮನೆ ಶೆಡ್ಡಲ್ಲೇ ಪ್ಯಾಚ್ ಹಾಕಬೇಕು, ಸಿಲಿಂಡರ್ ರಗಳೆ ಬೇಡ ಅಂತ ಕೇಳಿದ್ದೀರಿ. ಆ ರಗಳೆ ಒಂದೇ ಸಲದ್ದು. ಗ್ಯಾಸ್‌ಲೆಸ್ ವೈರಿನ ರಗಳೆ ಬೆಸುಗೆಯ ಪ್ರತಿ ಚುಕ್ಕೆಗೂ ಇದೆ.

ಕಾರಿನ ತಗಡು ಹೆಚ್ಚುಕಡಿಮೆ 0.7ರಿಂದ 0.8 ಮಿ.ಮೀ. ಅಷ್ಟೆ. ಅದರ ಮೇಲೆ ಒಂದೇ ಸಮ ಗೆರೆ ಎಳೆಯೋಕೆ ಆಗಲ್ಲ, ತೂತು ಬೀಳುತ್ತೆ, ಇಲ್ಲಾ ತಗಡು ಸೊಟ್ಟಗಾಗುತ್ತೆ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ ಇಟ್ಟು, ಆರಿದ ಮೇಲೆ ನಡುವೆ ಮತ್ತೊಂದು ಇಟ್ಟು ಕೂಡಿಸಬೇಕು. ಗ್ಯಾಸ್‌ಲೆಸ್ ಅಂದರೆ ಫ್ಲಕ್ಸ್ ಕೋರ್ ವೈರ್, ಒಳಗೆ ಪುಡಿ ತುಂಬಿರೋ ಕೊಳವೆ. ಆ ಪುಡಿ ಉರಿದು ತನ್ನ ಗ್ಯಾಸ್ ತಾನೇ ಮಾಡ್ಕೊಳ್ಳುತ್ತೆ, ಮೇಲೆ ಸ್ಲ್ಯಾಗ್ ಅನ್ನೋ ಗಟ್ಟಿ ಪೊರೆ ಬಿಡುತ್ತೆ. ಪ್ರತಿ ಚುಕ್ಕೆಯ ಸ್ಲ್ಯಾಗನ್ನೂ ವೈರ್ ಬ್ರಷ್ಷಲ್ಲಿ ಉಜ್ಜದೆ ಪಕ್ಕದ ಚುಕ್ಕೆ ಇಟ್ಟರೆ ಅದು ಒಳಗೇ ಸಿಕ್ಕಿಹಾಕಿಕೊಳ್ಳುತ್ತೆ. ಮಳೆಗಾಲದಲ್ಲಿ ಇನ್ನೊಂದು ತಾಪತ್ರಯ: ತೆರೆದಿಟ್ಟ ರೋಲ್ ತೇವ ಎಳೆದುಕೊಂಡರೆ ಬೆಸುಗೆ ತುಂಬಾ ಸಣ್ಣ ಸಣ್ಣ ತೂತು.

ಅದಕ್ಕೇ ಗ್ಯಾಸ್ ಹಾಕೋ ಮಿಗ್ಗೇ ತಗೊಳ್ಳಿ. ಅಂಗಡಿಗೆ ಹೋದಾಗ ಅದನ್ನು ಸಿಓಟು (ಕಾರ್ಬನ್ ಡೈಆಕ್ಸೈಡ್) ವೆಲ್ಡಿಂಗ್ ಮಷಿನ್ ಅಂತಲೇ ಕೇಳಿ. ಬರೀ ಗ್ಯಾಸ್ ಅಂದರೆ ಟಿಂಕರಿಂಗ್‌ನವರ ಆಕ್ಸಿಜನ್-ಅಸಿಟಿಲೀನ್ ತೋರಿಸ್ತಾರೆ. ಮನೆಯ 230 ವೋಲ್ಟಿಗೆ, 15 ಆಂಪ್ ಪ್ಲಗ್ಗಿಗೆ ನಡೆಯೋ, ಗ್ಯಾಸ್ ಜೊತೆ ಹಾಕೋ ಗಟ್ಟಿ ವೈರ್, ಫ್ಲಕ್ಸ್ ಕೋರ್ ವೈರ್ ಎರಡನ್ನೂ ಹಿಡಿಯೋ ಇನ್ವರ್ಟರ್ ಮಷಿನ್ ಸಿಗುತ್ತೆ, ಅಂಥದ್ದನ್ನೇ ತಗೊಳ್ಳಿ. ಇನ್ನೂರು ಆಂಪ್ ಅಂತ ಬರೆದಿದೆ ಅಂತ ಮರುಳಾಗಬೇಡಿ, ಈ ತಗಡಿಗೆ 40-60 ಆಂಪ್ ಮೀರಲ್ಲ. ನೋಡಬೇಕಾದ್ದು ಕೆಳಗೆ ಎಷ್ಟರವರೆಗೆ ಸಮಾಧಾನವಾಗಿ ಇಳಿಯುತ್ತೆ ಅನ್ನೋದು. ವೈರ್ 0.6 ಮಿ.ಮೀ. ಸಿಕ್ಕರೆ ಒಳ್ಳೇದು, ಇಲ್ಲದಿದ್ದರೆ 0.8.

ಗ್ಯಾಸಿಗೆ ಬರೀ ಸಿಓಟು ಸಾಕು, ಅಗ್ಗ. ಆರ್ಗಾನ್ ಶೇ. 80, ಸಿಓಟು ಶೇ. 20ರ ಮಿಕ್ಸ್ ಹಾಕಿದರೆ ಕಿಡಿ ಕಮ್ಮಿ, ಆರ್ಕ್ (ವೈರ್ ತುದಿಯಲ್ಲಿ ಉರಿಯೋ ಕರೆಂಟಿನ ಜ್ವಾಲೆ) ಮೆತ್ತಗೆ. ಫ್ಲೋ ನಿಮಿಷಕ್ಕೆ 8-10 ಲೀಟರ್ ಇಡಿ, ಫ್ಯಾನ್ ಆಫ್ ಮಾಡಿ, ಗಾಳಿ ಬೀಸಿದರೆ ಗ್ಯಾಸ್ ಹಾರಿಹೋಗುತ್ತೆ. ಸಿಓಟು ಸಿಲಿಂಡರಿನ ಮೀಟರ್ ನಂಬಬೇಡಿ. ಒಳಗಿರೋದು ದ್ರವ, ಅದು ಇರೋವರೆಗೂ ಮುಳ್ಳು ಹೆಚ್ಚುಕಡಿಮೆ ಒಂದೇ ಕಡೆ ನಿಂತಿರುತ್ತೆ, ಆಮೇಲೆ ಸರ್ರನೆ ಬೀಳುತ್ತೆ. ಎಷ್ಟು ಉಳಿದಿದೆ ಅಂತ ತಿಳಿಯಬೇಕಾದರೆ ತೂಕ ಹಾಕಿ ನೋಡಬೇಕು.

ಎರಡು ಬಗೆಯ ವೈರ್ ಬದಲಾಯಿಸೋವಾಗ ಪೊಲಾರಿಟಿ ಮರೀಬಾರದು. ಗ್ಯಾಸ್ ಇದ್ದಾಗ ಗನ್ ಪ್ಲಸ್‌ಗೆ, ಅರ್ತ್ ಕ್ಲಾಂಪ್ ಮೈನಸ್‌ಗೆ. ಗ್ಯಾಸ್‌ಲೆಸ್ ಆದರೆ ಉಲ್ಟಾ. "ಗ್ಯಾಸ್‌ಲೆಸ್ ವೈರ್ ಬರೀ ಕಿಡಿ ಕಾರುತ್ತೆ" ಅಂತ ಬೈಯೋರ ಮಷಿನ್ ತೆರೆದು ನೋಡಿ, ಎಷ್ಟೋ ಸಲ ಇದೇ ಕಾರಣ. ಸೆಟ್ಟಿಂಗನ್ನು ಅಷ್ಟೇ ದಪ್ಪದ ಚೂರು ತಗಡಿನ ಮೇಲೆ ಮೊದಲು ಹೊಂದಿಸಿಕೊಳ್ಳಿ. ಸರಿಯಿದ್ದರೆ ಕಾದ ಎಣ್ಣೆಗೆ ಸಂಡಿಗೆ ಬಿಟ್ಟ ಹಾಗೆ ಒಂದೇ ಸಮ ಚರಚರ ಅನ್ನುತ್ತೆ. ಟಪ್ ಟಪ್ ಅಂತ ಗನ್ ಹಿಂದಕ್ಕೆ ತಳ್ಳಿದರೆ ವೈರ್ ಸ್ಪೀಡ್ ಜಾಸ್ತಿ ಅಂತ ಲೆಕ್ಕ.

ತುಕ್ಕಿನ ಮೇಲೆ ಯಾವ ಮಷಿನ್ನೂ ಹಿಡಿಯಲ್ಲ. ಗಟ್ಟಿ ತಗಡು ಸಿಗೋವರೆಗೂ ಕತ್ತರಿಸಿ, ಹೊಳೆಯೋ ಹಾಗೆ ಗ್ರೈಂಡ್ ಮಾಡಿ. ಕತ್ತರಿಸ್ತಾ ಹೋದಂತೆ ಅಂಗೈಯಗಲದ ತೂತು ಮೊಳದಗಲ ಆಗುತ್ತೆ, ಗಾಬರಿ ಬೀಳಬೇಡಿ. ಪ್ಯಾಚಿಗೆ ಜಿಐ ಶೀಟ್ (ಸತು ಲೇಪಿಸಿದ ತಗಡು) ಬೇಡ. ಅದರ ಸತುವಿನ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಗ್ಯಾರಂಟಿ ಅನ್ನೋಷ್ಟು ತೊಂದರೆ. ಸಿಆರ್ ಶೀಟ್ (ಲೇಪನವಿಲ್ಲದ ಕೋಲ್ಡ್ ರೋಲ್ಡ್ ತಗಡು) ತನ್ನಿ. ಸಂದಿ ದೊಡ್ಡದಾದ ಕಡೆ ಹಿಂದಿನಿಂದ ತಾಮ್ರದ ಪಟ್ಟಿ ಒತ್ತಿ ಹಿಡಿದರೆ ತೂತು ಬೀಳಲ್ಲ, ಬೆಸುಗೆ ತಾಮ್ರಕ್ಕೆ ಅಂಟೋದೂ ಇಲ್ಲ.

ಬೆಂಕಿಯದ್ದೇ ನನಗೆ ದೊಡ್ಡ ಚಿಂತೆ. 800ರಲ್ಲಿ ಟ್ಯಾಂಕ್ ಹಿಂದೆ, ಇಂಜಿನ್ ಮುಂದೆ, ಪೆಟ್ರೋಲ್ ಪೈಪ್ ಫ್ಲೋರ್ ಅಡಿಯಲ್ಲೇ ಹಾದುಹೋಗುತ್ತೆ. ಗಾಡಿ ಕೆಳಗೆ ಮಲಗಿ ಅದನ್ನು ಕಣ್ಣಾರೆ ನೋಡಿ, ವೆಲ್ಡ್ ಮಾಡೋ ಜಾಗದ ಹತ್ತಿರ ಇದ್ದರೆ ಬಿಚ್ಚಿಸಿ ದೂರ ಇಡಿ. ಸೀಟು, ಕಾರ್ಪೆಟ್, ಫ್ಲೋರಿಗೆ ಅಂಟಿಸಿರೋ ಡಾಂಬರ್ ಶೀಟ್ ತೆಗೀರಿ, ಬ್ಯಾಟರಿ ಮೈನಸ್ ಕಳಚಿ. ಕ್ಲೋರಿನ್ ಇರೋ ಬ್ರೇಕ್ ಕ್ಲೀನರಲ್ಲಿ ಒರೆಸಿ ವೆಲ್ಡ್ ಮಾಡೋದು ಬೇಡವೇ ಬೇಡ, ಆರ್ಕಿನ ಬೆಳಕಿಗೆ ಅದು ವಿಷಗಾಳಿ ಆಗುತ್ತೆ. ಪಕ್ಕದಲ್ಲಿ ಒಂದು ಬಕೆಟ್ ನೀರು, ಒಂದು ಫೈರ್ ಎಕ್ಸ್‌ಟಿಂಗ್ವಿಷರ್. ಕೆಲಸ ಮುಗಿದ ತಕ್ಷಣ ಶೆಡ್ಡಿಗೆ ಬೀಗ ಹಾಕಿ ಹೋಗಬೇಡಿ, ಅರ್ಧ ಗಂಟೆ ಅಲ್ಲೇ ಇರಿ.

ಸೀಟ್ ಬೆಲ್ಟ್ ಬೋಲ್ಟ್ ಕೂರೋ ಜಾಗ, ಸಸ್ಪೆನ್ಷನ್ ಮೌಂಟ್ ತುಕ್ಕು ಹಿಡಿದಿದ್ದರೆ ಕೈ ಪಳಗಿದ ವೆಲ್ಡರ್‌ಗೇ ಬಿಡಿ. ಗೇಟು, ಟ್ರಾಲಿ ಥರದ ದಪ್ಪ ಕಬ್ಬಿಣ, ಅದೂ ಬಯಲಲ್ಲಿ ಅಂದರೆ ಗ್ಯಾಸ್‌ಲೆಸ್ ವೈರ್ ಹಾಕಿ, ಅಲ್ಲಿ ಅದರಷ್ಟು ಸುಲಭ ಬೇರೆ ಇಲ್ಲ.

ಫ್ಲೋರ್ ಮುಗಿದ ಮೇಲೆ ಪ್ರೈಮರ್, ಕೂಡಿಸಿದ ಸಂದಿ ಮುಚ್ಚೋ ಸೀಮ್ ಸೀಲರ್, ಪೇಂಟ್, ಮೇಲೆ ಕೆಳಗೆ ಎರಡೂ ಕಡೆ. ಪೂರ್ತಿ ಒಣಗೋ ಮುಂಚೆ ರಬ್ಬರ್ ಮ್ಯಾಟ್ ಹಾಸಬೇಡಿ.