ಬೈಬಲ್‌ನ ವಿವೇಕದ ಮಾತುಗಳನ್ನು ಎಲ್ಲ ತರಹದ ಜನರ ಜೊತೆ ಹೇಗೆ ಹಂಚಿಕೊಳ್ಳುವುದು?

ನಾನಾದರೆ ಬೈಬಲ್‌ನ ಜ್ಞಾನೋಕ್ತಿಗಳು ಎಂಬ ಪುಸ್ತಕದಿಂದ ಶುರು ಮಾಡುತ್ತೇನೆ. ಅದರ 31 ಅಧ್ಯಾಯಗಳಲ್ಲಿ ಹೆಚ್ಚಿನವು ನಮ್ಮ ಗಾದೆಗಳ ಹಾಗೆ ಚಿಕ್ಕ ಚಿಕ್ಕ ಮಾತುಗಳು. ಕೇಳುವವರ ಬದುಕಿಗೆ ಹೊಂದುವುದನ್ನು ಆರಿಸಿಕೊಳ್ಳಿ. 11ನೇ ಅಧ್ಯಾಯ ಶುರುವಾಗುವುದೇ ತಕ್ಕಡಿಯಿಂದ: ಮೋಸದ ತಕ್ಕಡಿ ದೇವರಿಗೆ ಅಸಹ್ಯ, ಸರಿಯಾದ ತೂಕ ಇಷ್ಟ. ದಿನವಿಡೀ ಈರುಳ್ಳಿ ತೂಗುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಅವರ ಮೇಲೆ ಅನುಮಾನಪಟ್ಟ ಹಾಗೆ ಮಾತ್ರ ಆಗಬಾರದು.

ಮನೆಯಲ್ಲಿ ಜಗಳವಾಡಿ ಬಂದ ಗೆಳೆಯನಿಗೆ 15:1 (15ನೇ ಅಧ್ಯಾಯದ 1ನೇ ವಚನ) ಸಾಕು: ಮೆತ್ತಗಿನ ಉತ್ತರ ಸಿಟ್ಟನ್ನು ಆರಿಸುತ್ತದೆ. ಆದರೆ ಸುಮ್ನೆ ವಚನ ಒಪ್ಪಿಸಬೇಡಿ. ಮೊದಲು ಅವನ ಮಾತು ಪೂರ್ತಿ ಕೇಳಿ. ಕೇಳುವ ಮೊದಲೇ ಉತ್ತರ ಕೊಡುವುದು ಮೂರ್ಖತನ ಎಂದು 18:13 ಹೇಳುತ್ತದೆ. ಆಮೇಲೆ ಅವನೇ "ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು" ಎನ್ನಬಹುದು. ಆಗ ಮಾತುಕತೆ ಎರಡೂ ಕಡೆಯಿಂದ ನಡೆಯುತ್ತದೆ.